ಮನೆಯಲ್ಲೇ ಇದ್ದಾನಲ್ಲ!

ಕೆಂಟನ್ನಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಒಂದೇ ದೂರು: "ಯೂನಿವರ್ಸಿಟಿ ಪಾಠ ಕಂಪ್ಯೂಟರಿನಲ್ಲಿ ಬರುತ್ತೆ ಡಾಕ್ಟ್ರೇ, ನಮ್ಮ ಹುಡುಗ ಕ್ಯಾಮೆರಾ ಆಫ್ ಮಾಡಿ ಮಲಗಿರ್ತಾನೆ. ದೂರದಿಂದ ಓದೋದು ಅಂದ್ರೆ ಇಷ್ಟೇ." ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ ಬೇಸರವಾದೀತು, ಆದರೂ ಬರೆಯುತ್ತೇನೆ.

ಇದೇ ದೇಶದ ಓಪನ್ ಯೂನಿವರ್ಸಿಟಿ 1971ರಲ್ಲೇ ಅಂಚೆ, ರೇಡಿಯೋ, ಟಿವಿಗಳನ್ನು ನಂಬಿ ಪಾಠ ಆರಂಭಿಸಿತು. ಬಿಬಿಸಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದ ಆ ಪಾಠಗಳು 2006ರವರೆಗೂ ನಡೆದವು. ಆದರೆ ವಿದ್ಯಾರ್ಥಿಗಳನ್ನು ಹಿಡಿದಿಟ್ಟದ್ದು ಟಿವಿಯಲ್ಲ. ಪ್ರತಿಯೊಬ್ಬರಿಗೂ ಒಬ್ಬ ಟ್ಯೂಟರ್ ಇದ್ದರು. ಬರೆದು ಕಳಿಸಿದ್ದನ್ನು ಓದಿ, ತಪ್ಪು ಎಲ್ಲಿದೆಯೆಂದು ಟಿಪ್ಪಣಿ ಹಾಕಿ ಹಿಂದಿರುಗಿಸುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವೂ 1969ರಷ್ಟು ಹಳೆಯದು. ಅದೇ 1996ರಲ್ಲಿ ನಮ್ಮ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿಯೂ ಸಂಪರ್ಕ ತರಗತಿಗಳನ್ನು ಇಟ್ಟದ್ದು ಸುಮ್ಮನೆ ಅಲ್ಲ.

2020ರಲ್ಲಿ ಕೋವಿಡ್ ಬಂದಾಗ ಇಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳು ಲೆಕ್ಚರುಗಳನ್ನು ತೆರೆಯ ಮೇಲೆ ಸುರಿದುಬಿಟ್ಟವು. ಇಂಗ್ಲೆಂಡಿನಲ್ಲಿ ಫೀಸಿನ ಮಿತಿ ಮಾತ್ರ 9,250 ಪೌಂಡಿನಿಂದ ಒಂದು ಪೆನ್ನಿಯೂ ಇಳಿಯಲಿಲ್ಲ. ಹೆಸರು ಹಿಡಿದು ಕೇಳುವವರೇ ಇಲ್ಲದ ಕಡೆ ಮಕ್ಕಳು ಯಾರಿಗೆ ಉತ್ತರ ಕೊಡಬೇಕು? ಫೋನಿನಲ್ಲಿ ರೋಗಿಗಳನ್ನು ವಿಚಾರಿಸುವ ನನಗೆ ಗೊತ್ತು, "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀನಿ" ಅಷ್ಟೇ. "ಕಳೆದ ಸಲ ಹೇಳಿದ ಆ ಮೊಣಕಾಲು ನೋವು?" ಎಂದರೆ ಕಥೆ ಹೊರಬರುತ್ತದೆ.

ಇನ್ನು ನಮ್ಮ ಮನೆಗಳಿಗೆ ಬರೋಣ. ತಪ್ಪಿನ ಅರ್ಧ ಪಾಲು ಇಲ್ಲಿದೆ. "ಹೇಗೂ ಮನೆಯಲ್ಲೇ ಇದ್ದಾನಲ್ಲ!" ಅಜ್ಜಿಯನ್ನು ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಗೆ ಕರೆದೊಯ್ಯಲು ಅವನೇ, ಪಾರ್ಸೆಲ್ ಬಂದರೆ ಬಾಗಿಲು ತೆಗೆಯಲು ಅವನೇ. ಹುಡುಗಿಯಾದರಂತೂ ನೆಂಟರಿಗೆ ಕಾಫಿ, ತಮ್ಮನಿಗೆ ಊಟ. ಬೆನ್ನ ಹಿಂದೆ ಕುಕ್ಕರ್ ಕೂಗುತ್ತಿದೆ, ದೊಡ್ಡಪ್ಪ ಬನಿಯನ್ನಿನಲ್ಲಿ ಹಾದುಹೋಗುತ್ತಿದ್ದಾರೆ. ಕ್ಯಾಮೆರಾ ಆಫ್ ಮಾಡದೆ ಆ ಮಗು ಇನ್ನೇನು ಮಾಡೀತು?

ನಾನೂ ಇದಕ್ಕೆ ಹೊರತಲ್ಲ. ಮಗಳು ಸೆಮಿನಾರಿನಲ್ಲಿದ್ದಾಗ ಊರಿನಿಂದ ಫೋನ್ ಬಂತು. "ಅಜ್ಜಿ ಹತ್ತಿರ ಎರಡು ಮಾತಾಡು" ಎಂದು ಅವಳ ಕೈಗೆ ಕೊಟ್ಟೆ. ತರಗತಿಯಲ್ಲಿ ಅವಳು ಮಾತಾಡುವ ಸರದಿ ಅದೇ ಆಗಿತ್ತಂತೆ. ಆ ಟರ್ಮ್ ಪೂರ್ತಿ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಮಕ್ಕಳನ್ನು ಬೈಯುವ ಮುನ್ನ ಎರಡು ಪ್ರಶ್ನೆ ಕೇಳಿ: ನಿನ್ನ ಟ್ಯೂಟರ್ ಯಾರು? ನೀನು ಬರೆದದ್ದಕ್ಕೆ ಅವರು ಉತ್ತರ ಬರೆಯುತ್ತಾರೆಯೇ? ಇಲ್ಲವೆಂದರೆ ಡಿಪಾರ್ಟ್‌ಮೆಂಟಿಗೆ ಪತ್ರ ಬರೆಯಲು ಹೇಳಿ. ಫೀಸು ಕಟ್ಟಿದ್ದೇವೆ, ದಾನ ಕೇಳುತ್ತಿಲ್ಲ. ನಮ್ಮ ಕಮಿಟಿಯವರೂ ಅಷ್ಟೇ, ಯುಗಾದಿ ನಾಟಕದ ರಿಹರ್ಸಲ್ ಇಡುವಾಗ ಈ ಮಕ್ಕಳ ಟೈಮ್‌ಟೇಬಲ್ ಒಮ್ಮೆ ಕೇಳಿ ನೋಡಲಿ.