ದುರಸ್ತಿಗೆ ಮೊದಲು ಒಂದು ಪ್ರತಿ

ಇಚಲಕರಂಜಿಯ ಯಂತ್ರಮಗ್ಗದ ಕಚೇರಿ, ಕೊಲ್ಲಾಪುರದ ಬೆಲ್ಲದ ಅಡತಿ ಅಂಗಡಿ, ಗಡಹಿಂಗ್ಲಜದ ಪತಸಂಸ್ಥೆ ಇವುಗಳ ವ್ಯವಹಾರ ಬೇರೆ ಬೇರೆಯಾದರೂ ಸಣ್ಣ ಕಚೇರಿಗಳಲ್ಲಿ ಲೆಕ್ಕವಿಡುವ ಏರ್ಪಾಡು ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಮೂರು ನಾಲ್ಕು ಕಂಪ್ಯೂಟರುಗಳು, ಅವನ್ನು ಜೋಡಿಸುವ ಒಂದು ಸ್ವಿಚ್ಚು, ಎಲ್ಲರೂ ತೆರೆಯುವ ಒಂದೇ ಕಡತ. ಕಿರ್ದಿ, ಖತಾವಣಿ, ಠೇವಣಿದಾರರ ಬಾಕಿ ಎಲ್ಲವೂ ಆ ಕಡತದೊಳಗೇ ಇರುತ್ತವೆ. ಒಂದು ಮುಂಜಾನೆ ಅದು ತೆರೆಯದೆ ಪರದೆಯ ಮೇಲೆ ಇಂಗ್ಲಿಷಿನ ಒಂದು ವಾಕ್ಯ ಮೂಡಿತೆನ್ನಿ. ಕಿಟಕಿಯ ಆಚೆ ಪಾಸಬುಕ್ಕು ಹಿಡಿದ ಜನ ನಿಂತಿದ್ದಾರೆ. ಗುಮಾಸ್ತರು ವಾಕ್ಯವನ್ನು ಪೂರ್ತಿ ಓದದೆ 'ರಿಪೇರ್' ಗುಂಡಿಯನ್ನು ಒತ್ತುತ್ತಾರೆ. ಅಲ್ಲಿಯವರೆಗೆ ಸರಿಪಡಿಸಬಹುದಾಗಿದ್ದ ದೋಷವು ಆ ಕ್ಷಣದಿಂದ ಸರಿಪಡಿಸಲಾಗದ್ದಾಗಿ ಬಿಡಬಹುದು.

ಏಕೆಂದರೆ ದುರಸ್ತಿಯ ಸಾಧನವು ಕಳೆದುದನ್ನು ಹುಡುಕಿ ತಂದುಕೊಡುವುದಿಲ್ಲ. ತನಗೆ ಓದಲು ಬಂದುದನ್ನು ಹೊಸದಾಗಿ ಬರೆದು, ಓದಲು ಬಾರದುದನ್ನು ಕೈಬಿಡುತ್ತದೆ. ಕಡತ ತೆರೆಯಿತೆಂಬ ಸಂತೋಷದಲ್ಲಿ, ಕೈಬಿಟ್ಟ ನಮೂದುಗಳು ಯಾರವೆಂಬುದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರಬಹುದು.

ದೋಷವು ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಮೈಕ್ರೊಸಾಫ್ಟ್ ಆಕ್ಸೆಸ್, ಹಳೆಯ ಫಾಕ್ಸ್‌ಪ್ರೊ ಮುಂತಾದ ದತ್ತಸಂಚಯಗಳನ್ನು ಹೀಗೆ ಹಂಚಿಕೊಂಡು ಬಳಸುವಾಗ, ಕಡತವಿರುವ ಕಂಪ್ಯೂಟರು ಕೇವಲ ಗೋದಾಮು. ಉಳಿದ ಕಂಪ್ಯೂಟರುಗಳು ತಾವೇ ಒಳಹೊಕ್ಕು ಪುಟವನ್ನು ತೆಗೆದು, ತಿದ್ದಿ, ಮರಳಿ ಇಡುತ್ತವೆ, ನಡುವೆ ಮೇಲ್ವಿಚಾರಕನಿರುವುದಿಲ್ಲ. ಒಂದು ನಮೂದಿಗೆ ಮೂಲ ದಾಖಲೆಯನ್ನೂ ಅದರ ಸೂಚಿಯನ್ನೂ ತಿದ್ದಬೇಕಾಗುತ್ತದೆ. ಒಂದನ್ನು ತಿದ್ದಿ ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಸಂಪರ್ಕ ಕಡಿದರೆ ಅವೆರಡೂ ಒಂದಕ್ಕೊಂದು ತಾಳೆಯಾಗದೆ ಉಳಿಯುತ್ತವೆ.

ಆದುದರಿಂದ ಪರದೆಯ ವಾಕ್ಯವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಮೊದಲ ಕೆಲಸ. ಎಲ್ಲ ವಾಕ್ಯಗಳೂ ಕಡತ ಕೆಟ್ಟಿದೆಯೆಂದು ಹೇಳುವುದಿಲ್ಲ. 'ಕಡತ ಬಳಕೆಯಲ್ಲಿದೆ' ಎಂದರೆ ಯಾರೋ ಅದನ್ನು ತೆರೆದಿಟ್ಟಿದ್ದಾರೆ, ಅಥವಾ ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಬಳಕೆದಾರರಿಗಿಲ್ಲ. ಆಕ್ಸೆಸ್ ತನ್ನ ಕಡತದ ಪಕ್ಕದಲ್ಲಿ 'ಎಲ್‌ಎಸಿಸಿಡಿಬಿ' ಎಂಬ ಬೀಗದ ಕಡತವನ್ನು ತೆರೆದಿಟ್ಟು, ಕೊನೆಯವರು ಹೊರಬಂದಾಗ ಅಳಿಸುತ್ತದೆ. ಎಲ್ಲರೂ ಹೊರಬಂದ ಮೇಲೂ ಅದು ಉಳಿದಿದ್ದರೆ ಯಾವುದೋ ಕಂಪ್ಯೂಟರು ನಡುವೆಯೇ ನಿಂತುಹೋಗಿದೆಯೆಂದು ಊಹಿಸಬಹುದು. 'ಡಿಸ್ಕ್ ಅಥವಾ ನೆಟ್‌ವರ್ಕ್ ದೋಷ' ಎಂಬುದು ತಂತಿ, ಸ್ವಿಚ್ಚು, ವೈಫೈ, ಡಿಸ್ಕುಗಳತ್ತ ಬೆರಳು ತೋರುತ್ತದೆ. ಫಾಕ್ಸ್‌ಪ್ರೊದಲ್ಲಿ 'ಸೂಚಿ ತಾಳೆಯಾಗುತ್ತಿಲ್ಲ' ಎಂದು ಬಂದರೆ ದಾಖಲೆಗಳು ಕ್ಷೇಮವಾಗಿದ್ದು ಸೂಚಿಯನ್ನಷ್ಟೇ ಹೊಸದಾಗಿ ಕಟ್ಟಬೇಕಾಗಿರಬಹುದು. 'ಗುರುತಿಸಲಾಗದ ದತ್ತಸಂಚಯ' ಎಂಬ ವಾಕ್ಯ ಬಂದರೆ ಮಾತ್ರ ಹಾನಿಯ ಶಂಕೆ ಬಲವಾಗುತ್ತದೆ. ಆಗಲೂ ದೋಷ ಕಡತದಲ್ಲೇ ಹುಟ್ಟಿತೆಂದು ನಿರ್ಧರಿಸಲಾಗದು. 2018ರಲ್ಲಿ ವಿಂಡೋಸ್ 10ರ 1803ನೆಯ ಆವೃತ್ತಿ ಬಂದ ಬಳಿಕ ಹಂಚಿಕೊಂಡ ಆಕ್ಸೆಸ್ ಕಡತಗಳು ಪದೇಪದೇ ಕೆಡತೊಡಗಿದವು. ಕಡತದ ಭಾಗಗಳನ್ನು ದೂರದ ಕಂಪ್ಯೂಟರುಗಳು ತಮ್ಮಲ್ಲೇ ಹಿಡಿದಿಟ್ಟುಕೊಳ್ಳುವ 'ಲೀಸಿಂಗ್' ಎಂಬ ಏರ್ಪಾಡನ್ನು ನಿಲ್ಲಿಸುವಂತೆ ಮೈಕ್ರೊಸಾಫ್ಟ್ ಸಂಸ್ಥೆಯೇ ಸೂಚಿಸಬೇಕಾಯಿತು.

ಎರಡನೆಯ ಕೆಲಸ, ಎಲ್ಲರನ್ನೂ ಹೊರಬರಹೇಳಿ ಕಡತವನ್ನು ಇದ್ದಂತೆಯೇ ಇನ್ನೊಂದೆಡೆ ಪ್ರತಿ ಮಾಡಿ, ಅದಕ್ಕೆ ಅಂದಿನ ದಿನಾಂಕವನ್ನು ಹೆಸರಾಗಿ ಇಡುವುದು. ಕೆಟ್ಟ ಕಡತದ ಪ್ರತಿಯಿಂದೇನು ಫಲವೆಂದು ಕೇಳಬಹುದು. ಒಂದು ದುರಸ್ತಿ ವಿಫಲವಾದರೆ ಇನ್ನೊಂದು ವಿಧಾನವನ್ನು ಪ್ರಯತ್ನಿಸಲು ಬೇಕಾದುದು ಅದೇ ಪ್ರತಿ. ಆಮೇಲೆ ಮತ್ತೊಂದು ಪ್ರತಿಯ ಮೇಲೆ, ನೆಟ್‌ವರ್ಕಿನಿಂದ ಹೊರತಾದ ಒಂದೇ ಕಂಪ್ಯೂಟರಿನಲ್ಲಿ ದುರಸ್ತಿ ನಡೆಯಲಿ. ಅದು ತೆರೆದುಕೊಂಡರೂ ಕೂಡಲೇ ನಂಬಬಾರದು. ಹಿಂದಿನ ದಿನದ ಅಖೈರು ಶಿಲ್ಕು, ಖಾತೆಗಳ ಸಂಖ್ಯೆ, ತಾಳೆಪಟ್ಟಿಯ ಮೊತ್ತ ಇವು ಕಾಗದದ ಮುದ್ರಿತ ಲೆಕ್ಕಕ್ಕೆ ಸರಿಹೊಂದಿದ ಮೇಲೆಯೇ ಅದನ್ನು ಮೂಲಸ್ಥಾನದಲ್ಲಿ ಇಡಬೇಕು. ನಿತ್ಯವೂ ಈ ಮೂರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಡುವ ಕಚೇರಿಗೆ ಈ ಪರೀಕ್ಷೆ ಹತ್ತು ನಿಮಿಷದ ಕೆಲಸ.

ಮೂರನೆಯದು ಕಾರಣವನ್ನು ಹುಡುಕುವುದು. ದೋಷ ಒಂದೇ ಕಂಪ್ಯೂಟರಿನಲ್ಲಿ ಬರುತ್ತಿದ್ದರೆ ಅದರ ತಂತಿಯನ್ನು ಬದಲಿಸಿ ನೋಡಬೇಕು. ಎಲ್ಲದರಲ್ಲಿಯೂ ಬರುತ್ತಿದ್ದರೆ ಕಡತವಿರುವ ಕಂಪ್ಯೂಟರಿನ ಡಿಸ್ಕನ್ನು ಪರೀಕ್ಷಿಸಬೇಕು. ಕಡತದ ಗಾತ್ರವನ್ನೂ ನೋಡಬೇಕು, ಏಕೆಂದರೆ ಆಕ್ಸೆಸ್ ಕಡತ 2 ಗಿಗಾಬೈಟಿಗಿಂತ ಹೆಚ್ಚು ಬೆಳೆಯಲಾರದು. ನಮ್ಮ ಭಾಗದಲ್ಲಿ ಮರೆಯಬಾರದ ಇನ್ನೊಂದು ಸಂಗತಿ ವಿದ್ಯುತ್ತು. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಡಿಸಿ, ಅವನ್ನು ಜೋಡಿಸುವ ಸ್ವಿಚ್ಚನ್ನು ಮಾತ್ರ ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚಿರುವ ಕಚೇರಿಗಳುಂಟು. ವಿದ್ಯುತ್ತು ಒಂದು ಕ್ಷಣ ಹೋದರೂ ಸ್ವಿಚ್ಚು ಸಾಯುತ್ತದೆ. ಪರದೆಗಳು ಉರಿಯುತ್ತಲೇ ಇರುವುದರಿಂದ ಏನೂ ಆಗಿಲ್ಲವೆಂದು ತೋರುತ್ತದೆ. ಬರೆಯುತ್ತಿದ್ದ ನಮೂದು ಅರ್ಧದಲ್ಲೇ ನಿಂತಿರುತ್ತದೆ. ಆ ಒಂದು ಪ್ಲಗ್ಗನ್ನು ಯುಪಿಎಸ್ಸಿಗೆ ಬದಲಿಸಿದರೆ ಇಂಥ ದೋಷ ತಪ್ಪುತ್ತದೆ. ಬದಲಿಸದಿದ್ದರೆ ಎಷ್ಟು ದುರಸ್ತಿ ಮಾಡಿದರೂ ಅದು ಮರಳಿ ಬರುತ್ತದೆ.

ಇನ್ನು ನಿತ್ಯದ ಪ್ರತಿಯ ವಿಚಾರ. ಅದೇ ಕಂಪ್ಯೂಟರಿನ 'ಡಿ' ಡ್ರೈವಿನಲ್ಲಿ ಇಟ್ಟ ಪ್ರತಿ ಡಿಸ್ಕು ಸತ್ತ ದಿನ ಜೊತೆಗೇ ಸಾಯುತ್ತದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಪಂಚಗಂಗೆಯ ಮಹಾಪೂರ ಕೊಲ್ಲಾಪುರ ಜಿಲ್ಲೆಯನ್ನು ಮುಳುಗಿಸಿದುದನ್ನು ಕಂಡವರಿಗೆ, ನೆಲಮಹಡಿಯ ಕಪಾಟಿನಲ್ಲಿ ಇಟ್ಟ ಪೆನ್‌ಡ್ರೈವಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂದು ಪ್ರತಿ ಕಚೇರಿಯ ಹೊರಗೆ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಬೇಕು. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಲೂ ಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಬಳಸುವವರ ಸಂಖ್ಯೆ ಬೆಳೆದಲ್ಲಿ ಈ ಏರ್ಪಾಡನ್ನೇ ಬಿಡುವುದು ಲೇಸು. ಫಾಕ್ಸ್‌ಪ್ರೊಗೆ ಹೊಸ ಆವೃತ್ತಿ ಬರುವುದಿಲ್ಲವೆಂದು ಮೈಕ್ರೊಸಾಫ್ಟ್ 2007ರಲ್ಲಿಯೇ ಸಾರಿತ್ತು. 2015ರ ಜನವರಿಯಲ್ಲಿ ಅದರ ಬೆಂಬಲವೂ ಮುಗಿಯಿತು. ಪೋಸ್ಟ್‌ಗ್ರೆಸ್‌ನಂಥ ಸರ್ವರ್ ದತ್ತಸಂಚಯಗಳು ಉಚಿತವಾಗಿಯೇ ದೊರೆಯುತ್ತವೆ. ಅಲ್ಲಿ ಯಾವ ಕಂಪ್ಯೂಟರೂ ಕಡತವನ್ನು ನೇರವಾಗಿ ಮುಟ್ಟುವುದಿಲ್ಲ. ಎಲ್ಲ ಬೇಡಿಕೆಗಳನ್ನೂ ಸರ್ವರು ಸ್ವೀಕರಿಸಿ ತಾನೊಬ್ಬನೇ ಬರೆಯುತ್ತದೆ. ಬರೆಯುವ ಮುನ್ನ ಬದಲಾವಣೆಯನ್ನು ಬೇರೊಂದು ದಿನಚರಿಯಲ್ಲಿ ದಾಖಲಿಸಿಕೊಳ್ಳುವುದರಿಂದ, ಅರ್ಧಕ್ಕೆ ನಿಂತ ನಮೂದು ಮತ್ತೆ ಆರಂಭವಾದಾಗ ಲೆಕ್ಕದಲ್ಲಿ ಸೇರುವುದಿಲ್ಲ.

ಅಷ್ಟು ಬದಲಾವಣೆಗೆ ಕಾಲ ಬೇಕು, ಹಣವೂ ಬೇಕು. ಆದರೆ ಸ್ವಿಚ್ಚಿನ ಪ್ಲಗ್ಗು ಎಲ್ಲಿದೆಯೆಂದು ನೋಡಲು, ಹಿಂದಿನ ವಾರದ ಪ್ರತಿ ತೆರೆಯುತ್ತದೆಯೇ ಎಂದು ಪರೀಕ್ಷಿಸಲು ಇದೇ ಶನಿವಾರದ ಸಂಜೆ ಸಾಕು. ದಿನಗೂಲಿಯಲ್ಲಿ ಉಳಿಸಿ ನೂರಿನ್ನೂರು ರೂಪಾಯಿ ಕಟ್ಟುವ ಠೇವಣಿದಾರನಿಗೆ ತನ್ನ ಹಣ ಯಾವ ಕಡತದಲ್ಲಿದೆಯೆಂಬುದು ತಿಳಿಯದು. ಅದನ್ನು ಬಲ್ಲವರು ಮುದ್ದಾಂ ಒಮ್ಮೆ ನೋಡಬೇಕು.