ಗಾಡಿ ಎಂದ್ ಬರ್ತೈತಿ ಅಣ್ಣಾ?

ಹೋದ ವರ್ಷ ಗಣಪತಿ ಕಳಿಸಿದ ಮರುದಿನ. ಬೈಲಹೊಂಗಲ ತಾಲೂಕಿನ ನಮ್ಮೂರಾಗ, ಓಣಿ ಕಟ್ಟಿ ಮ್ಯಾಲೆ ಕೂತಿದ್ದೆ. ಐದನೇ ಕ್ಲಾಸಿನ ಹುಡುಗ ಒಬ್ಬ ಬಂದು ಕೇಳಿದ: "ಅಣ್ಣಾ, ಗಾಡಿ ಎಂದ್ ಬರ್ತೈತಿ?"

ಯಾವ ಗಾಡಿ ಅಂತ ನನಗೆ ಗೊತ್ತಿತ್ತು. ಮನಿ ಮನಿ ಅಡ್ಡಾಡಿ ಪಟ್ಟಿ ಕೂಡಿಸಿದ ಹನ್ನೊಂದು ಹುಡುಗರಿಗೆ "ಹಬ್ಬ ಮುಗದ ಮ್ಯಾಲೆ ಎಲ್ಲಾರ್ನೂ ನವಿಲುತೀರ್ಥ ಡ್ಯಾಂ ನೋಡಾಕ ಕರ್ಕೊಂಡ್ ಹೋಗ್ತೀವಿ" ಅಂತ ಹೇಳಿದವನು ನಾನೇ. ಆದರೆ ಡಿಜೆಯವರಿಗೆ, ಪೆಂಡಾಲಿನವರಿಗೆ, ಪ್ರಸಾದಕ್ಕೆ ಕೊಟ್ಟು ಮುಗಿಸುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. "ನೋಡೋಣು ತಮ್ಮಾ" ಅಂದೆ. ಅಂದ ಕೂಡಲೇ ನನಗ ನಾಚಿಕಿ ಬಂತು. ಯಾಕಂದ್ರ ಅದೇ "ನೋಡೋಣು" ನಾನೂ ಒಮ್ಮೆ ಕೇಳಿಸಿಕೊಂಡವನು.

2019ರ ಆಗಸ್ಟ್ ನಿಮಗೂ ನೆನಪಿರಬೇಕು. ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ಕಡೆಯ ಊರುಗಳಿಗೆ ನೀರು ನುಗ್ಗಿತ್ತು. ನಾನಾಗ ಒಂಬತ್ತನೇ ಕ್ಲಾಸು. ಊರಿನ ದೊಡ್ಡ ಹುಡುಗರು ನಮ್ಮನ್ನ ತಂಡ ಮಾಡಿ, ಕೈಯಾಗ ಒಂದೊಂದು ಡಬ್ಬಿ ಕೊಟ್ಟು, "ಹೆಚ್ಚು ರೊಕ್ಕ ಕೂಡಿಸಿದ ತಂಡಕ್ಕ ಕ್ರಿಕೆಟ್ ಕಿಟ್" ಅಂದರು. ಮಳೆಯಾಗ ತೊಯ್ಸಿಕೊಂಡು ಎರಡು ದಿನ ತಿರುಗಿದೆವು. ರೊಕ್ಕ ಇಲ್ಲದ ಅಜ್ಜಿಯರು ಖಡಕ್ ರೊಟ್ಟಿ ಕಟ್ಟಿ ಕೊಟ್ಟರು. ನಮ್ಮ ತಂಡಾನೇ ಗೆದ್ದಿತು. ರೊಕ್ಕ, ರೊಟ್ಟಿ, ಚಾದರ ಎಲ್ಲಾ ರಾಮದುರ್ಗದ ಕಡೆ ಹೋದವು. ಕಿಟ್ ಮಾತ್ರ ಇವತ್ತಿನತನಕ ಬಂದಿಲ್ಲ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ನೆರೆ ಸಂತ್ರಸ್ತರ ದುಡ್ಡಿನಲ್ಲಿ ನಮಗೆ ಬ್ಯಾಟು ತಂದಿದ್ದರೆ ಅದೂ ತಪ್ಪೇ ಆಗುತ್ತಿತ್ತು. ಆ ಡಬ್ಬಿಗೆ ಕೈ ಹಚ್ಚದಿದ್ದದ್ದು ಸರಿ. ಆದರೆ ಕಿಟ್ಟಿನ ರೊಕ್ಕ ಎಲ್ಲಿಂದ ಅಂತ ಯೋಚನೆ ಮಾಡದೆ ಮಾತು ಕೊಟ್ಟದ್ದು ತಪ್ಪು. ಆಗಲಿಲ್ಲ ಅಂತ ಗೊತ್ತಾದ ಮೇಲೂ ನಮ್ಮ ಮುಂದೆ ಬಂದು ಹೇಳದೇ ಇದ್ದದ್ದು ಇನ್ನೂ ದೊಡ್ಡ ತಪ್ಪು.

"ಸೇವಾ ಮಾಡೂವಾಗ ಬಹುಮಾನ ಯಾಕ ಬೇಕು?" ಅಂತ ಕೇಳುವವರಿದ್ದಾರೆ. ಬೇಕಿಲ್ಲ ಅಂತ ನಾನೂ ಒಪ್ತೀನಿ. ಡಿಸೆಂಬರ್ 7ರ ಧ್ವಜ ದಿನ 1949ರಿಂದ ನಡೆದು ಬಂದಿದೆ. ಶಾಲೆಯಲ್ಲಿ ಆ ಪುಟ್ಟ ಧ್ವಜ ಹಂಚಿ ಸೈನಿಕರಿಗಾಗಿ ದುಡ್ಡು ಕೂಡಿಸಿದಾಗ ನಮಗೆ ಯಾರೂ ಏನೂ ಕೊಡ್ತೀನಿ ಅಂದಿರಲಿಲ್ಲ. ನಮಗೂ ಮೋಸ ಹೋದಂಗ ಅನಿಸಲಿಲ್ಲ. ಬಹುಮಾನ ಇಲ್ಲದೆಯೂ ಮಕ್ಕಳು ದುಡಿಯುತ್ತಾರೆ. ಆದರೆ ಆಸೆ ಹಚ್ಚಿ ಕೆಲಸ ಮಾಡಿಸಿಕೊಂಡು, ಕೊಡುವ ಹೊತ್ತಿಗೆ ಸೇವೆಯ ಉಪದೇಶ ಮಾಡೂದು ಸೇವೆ ಅಲ್ಲ.

"ರೊಕ್ಕ ಉಳೀಲಿಲ್ಲ" ಅನ್ನೋದು ಎರಡನೇ ನೆವ. ನಮ್ಮ ಹಬ್ಬದ ಲೆಕ್ಕ ತೆಗೆದು ನೋಡಿದೆ. ಡಿಜೆಯವರು ಮುಂಗಡ ತಗೊಂಡೇ ಬಂದಿದ್ದರು. ಪೆಂಡಾಲಿನವರು ಬಾಕಿ ಇಟ್ಟಿದ್ದರೆ ಮನೆ ಬಾಗಿಲಿಗೆ ಬರುತ್ತಿದ್ದರು. ಕಡಿತ ಆದದ್ದು ಹುಡುಗರ ಪಾಲು ಒಂದೇ. ಕಾರಣ ಇಷ್ಟೇ, ಅವರು ಜಗಳ ಮಾಡೂದಿಲ್ಲ. 1872ರ ಕರಾರು ಕಾಯ್ದೆ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರೇ ಅಲ್ಲ. ಅಂದರೆ ಮಕ್ಕಳಿಗೆ ಕೊಟ್ಟ ಮಾತಿಗೆ ನಮ್ಮ ನಾಲಿಗೆಯೊಂದೇ ಗ್ಯಾರಂಟಿ.

ಮೂರನೇದು, "ಹುಡುಗ್ರು, ಮರೀತಾವ ಬಿಡು." ನಾನು ಮರೆತಿಲ್ಲ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಕೇಳ್ರಿ. ಮೂರರಿಂದ ಐದು ವರ್ಷದ 28 ಮಕ್ಕಳು. ಎಲ್ಲರಿಗೂ ಮೊದಲು "ಚಿತ್ರ ಬಿಡಿಸಲು ಚಲೋ ಸಾಮಾನು ತರ್ತೀನಿ" ಅಂತ ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದರ್ಧಕ್ಕೆ "ಇಲ್ಲ, ಮುಗಿದಾವ" ಅಂದರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ಹದಿನೈದು ನಿಮಿಷ ತಿನ್ನದೆ ಕಾದರೆ ಇನ್ನೊಂದು ಅಂದರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ 3 ನಿಮಿಷ. ಒಂದೆರಡು ಸಲ ಮಾತು ತಪ್ಪಿದ್ದಕ್ಕೇ ಇಷ್ಟು ವ್ಯತ್ಯಾಸ! ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ಬಯ್ಯುವ ಮೊದಲು, ಕಾಯುವಷ್ಟು ನಂಬಿಕೆ ನಾವು ಗಳಿಸಿದ್ದೀವಾ ಅಂತ ಕೇಳಿಕೊಳ್ಳಬೇಕು.

ನಾವು ಕಿತ್ತೂರು ನಾಡಿನವರು. 1824ರಲ್ಲಿ ಥ್ಯಾಕರೆ ಬಿದ್ದ ಮೇಲೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳನ್ನು, ಯುದ್ಧ ನಿಲ್ಲಿಸ್ತೀವಿ ಅನ್ನೋ ಮಾತು ನಂಬಿ ಚೆನ್ನಮ್ಮ ಬಿಟ್ಟು ಕಳಿಸಿದಳು. ಡಿಸೆಂಬರಿನಲ್ಲಿ ಇಂಗ್ಲಿಷರು ಇನ್ನೂ ದೊಡ್ಡ ಸೈನ್ಯ ತಂದರು. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ವೇದಿಕೆ ಮ್ಯಾಲೆ ಈ ಕಥಿ ಕೇಳಿ ನಮ್ಮ ರಕ್ತ ಕುದಿತೈತಿ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡದ್ದನ್ನೂ ಮಕ್ಕಳಿಗೆ ನಾವೇ ಹೇಳಿಕೊಡ್ತೀವಿ. ಆಮೇಲೆ ಅದೇ ಮಕ್ಕಳ ಕೈಗೆ ಪಾವತಿ ಬುಕ್ಕು ಕೊಟ್ಟು, ಸುಳ್ಳು ಹೇಳ್ತೀವಿ.

ಇದು ಓಣಿಯ ಗಣಪತಿಗಷ್ಟೇ ಸಂಬಂಧಿಸಿದ್ದಲ್ಲ. ಎನ್‌ಎಸ್‌ಎಸ್ ಶಿಬಿರ, ಫೆಸ್ಟಿನ ಕೂಪನ್, ಅನಾಥಾಶ್ರಮದ ಸಹಾಯಾರ್ಥ ಕಾರ್ಯಕ್ರಮ, ಎಲ್ಲ ಕಡೆ ಶಾಲಾ ಮಕ್ಕಳಿಗೋ ಜೂನಿಯರ್‌ಗಳಿಗೋ "ಇಷ್ಟು ತಂದ್ರ ಇದು" ಅಂತ ಹೇಳುವವರು ನಾವೇ. ಹಂಗಾಗಿ ಮೂರು ಕೆಲಸ ಮಾಡೋಣ. ಬಹುಮಾನವನ್ನು ಮೊದಲೇ ತಂದಿಟ್ಟು ಆಮೇಲೆ ಘೋಷಿಸೋಣ. ಅದರ ಖರ್ಚು ಕೂಡಿಸಿದ ದೇಣಿಗೆಯಿಂದ ಅಲ್ಲ, ಮಾತು ಕೊಟ್ಟವರ ಕಿಸೆಯಿಂದಲೇ ಬರಲಿ. ಅಕಸ್ಮಾತ್ ಆಗದಿದ್ದರೆ, ವಾರದೊಳಗೆ ಮಕ್ಕಳ ಎದುರಿಗೆ ನಿಂತು ಆಗಲಿಲ್ಲ ಅಂತ ಹೇಳಿ ಕ್ಷಮೆ ಕೇಳೋಣ. ಈ ಮೂರೂ ಆಗೂದಿಲ್ಲ ಅಂದ್ರ ಬಹುಮಾನದ ಮಾತೇ ಬ್ಯಾಡ. ಸುಮ್ಮನೆ ಸಹಾಯ ಕೇಳಿದರೆ ಸಾಕು.

ನಮ್ಮ ಗಾಡಿ ಏನಾಯ್ತು? ನಾವು ಏಳು ಮಂದಿ ಕೈಯಿಂದ ರೊಕ್ಕ ಹಾಕಿ ದೀಪಾವಳಿ ಸೂಟಿಯಲ್ಲಿ ಒಂದು ಟೆಂಪೋ ಮಾಡಿದೆವು. ಬೆಳಿಗ್ಗೆ ಏಳಕ್ಕೆ ಹತ್ತು ಹುಡುಗರು ಹೊಸ ಅರಬಿ ಹಾಕ್ಕೊಂಡು ಕಟ್ಟಿ ಹತ್ರ ನಿಂತಿದ್ದರು. ಪ್ರಶ್ನೆ ಕೇಳಿದ್ದ ಆ ಹುಡುಗ ಮಾತ್ರ ಇರಲಿಲ್ಲ. ಮನಿಗೆ ಹೋದರೆ ಅವರವ್ವ ನಕ್ಕು ಅಂದಳು: "ಗಾಡಿ ಬರ್ಲಿ, ಆಮ್ಯಾಲೆ ಅರಬಿ ಹಾಕ್ಕೋತೀನಿ ಅಂತ ಕುಂತಾನ್ ನೋಡಪಾ."

ಅವನಿಗೆ ಡ್ಯಾಂ ತೋರಿಸಿದೆವು. ಆದರೆ ನಮ್ಮ ಮಾತಿನ ಮ್ಯಾಲಿನ ಅವನ ನಂಬಿಕಿ ಹೊಳ್ಳಿ ಬಂದೈತೋ ಇಲ್ಲೋ, ಮುಂದಿನ ಗಣಪತಿಗೆ ಅವನು ಪಾವತಿ ಬುಕ್ಕು ಹಿಡಿದಾಗಲೇ ಗೊತ್ತಾಗೂದು.