ಶಾಲೆಯ ವ್ಯಾಪ್ತಿ ಬದಲಾಗುವ ಮೊದಲು ಜನಪ್ರತಿನಿಧಿಗಳು ಗ್ರಾಮಸಭೆಯಲ್ಲಿ ಉತ್ತರಿಸಲಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಪೋಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರಿಗೆ, ಮತದಾರರಿಗೆ

ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ವ್ಯಾಪ್ತಿ ಎಂದರೆ, ಯಾವ ಯಾವ ಜನವಸತಿಗಳ ಮಕ್ಕಳು ನಡೆದು ಆ ಶಾಲೆಯನ್ನು ತಲುಪಬಲ್ಲರೋ ಆ ಪ್ರದೇಶ. ಕರ್ನಾಟಕದಲ್ಲಿ ಈ ವ್ಯಾಪ್ತಿಯನ್ನು ಬದಲಿಸುವುದಾಗಿ ಯಾವ ಸರ್ಕಾರವೂ ನೇರವಾಗಿ ಪ್ರಕಟಿಸುವುದಿಲ್ಲ; ಬದಲಾವಣೆ ವಿಲೀನವಾಗಿ, ಉನ್ನತೀಕರಣವಾಗಿ, ಈಚೆಗೆ ಮ್ಯಾಗ್ನೆಟ್ ಶಾಲೆಯಾಗಿ ಬರುತ್ತದೆ. ಮ್ಯಾಗ್ನೆಟ್ ಶಾಲೆ ಎಂದರೆ ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ತನ್ನೆಡೆಗೆ ಸೇರಿಸಿಕೊಳ್ಳುವ, ಹೆಚ್ಚಿನ ಸೌಲಭ್ಯವುಳ್ಳ ದೊಡ್ಡ ಶಾಲೆ. ಹೆಸರು ಯಾವುದಾದರೂ, ಆರು ವರ್ಷದ ಮಗು ಬೆಳಗ್ಗೆ ನಡೆಯಬೇಕಾದ ದಾರಿ ಉದ್ದವಾಗುತ್ತದೆ. ಆದ್ದರಿಂದ ಈ ಮೂರು ತಾಲೂಕುಗಳಲ್ಲಿ ಇಂತಹ ಯಾವುದೇ ಆದೇಶ ಹೊರಡುವ ಮೊದಲು ಆ ಭಾಗದ ಶಾಸಕರು, ಸಂಸದರು ಮತ್ತು ಪಂಚಾಯತ್ ಪ್ರತಿನಿಧಿಗಳು ತಮ್ಮ ನಿಲುವನ್ನು ಲಿಖಿತವಾಗಿ ಗ್ರಾಮಸಭೆಯ ಮುಂದೆ ಇಡಬೇಕು ಎಂಬುದು ಈ ಕರಪತ್ರದ ವಾದ.

ಈ ಬೇಡಿಕೆಗೆ ಕಾರಣ ಕಳೆದ ಹದಿನೈದು ವರ್ಷಗಳ ಅನುಭವದಲ್ಲೇ ಇದೆ. ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಶಿಕ್ಷಣ ಸಚಿವರಾಗಿದ್ದ ಬಿಜೆಪಿ ಆಡಳಿತದ ಅವಧಿಯಲ್ಲಿ, ತೀರಾ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಹತ್ತಿರದ ಶಾಲೆಗಳೊಡನೆ ಸೇರಿಸುವ ಪ್ರಸ್ತಾವ ಬಂದು ವಿವಾದವಾಯಿತು. 2018ರ ಜುಲೈಯಲ್ಲಿ ಜೆಡಿಎಸ್–ಕಾಂಗ್ರೆಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿ ಅವರು ಮಂಡಿಸಿದ ಬಜೆಟ್‌ನಲ್ಲಿ, ಒಂದು ಕಿಲೋಮೀಟರ್ ಅಂತರದೊಳಗಿನ 28,847 ಶಾಲೆಗಳನ್ನು 8,530 ಶಾಲೆಗಳೊಡನೆ ವಿಲೀನಗೊಳಿಸುವ ಮಾತು ಇತ್ತು. ಈಗಿನ ಕಾಂಗ್ರೆಸ್ ಸರ್ಕಾರದ 2025–26ರ ಬಜೆಟ್ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಪ್ರಕಟಿಸಿತು. ಅದರ ಬೆನ್ನಿಗೇ ಸುತ್ತಲಿನ ಶಾಲೆಗಳನ್ನು ಇವುಗಳೊಳಗೆ ಸೇರಿಸುವ ಯತ್ನದ ವಿರುದ್ಧ ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು, ಯಾವ ಸರ್ಕಾರಿ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸಚಿವ ಮಧು ಬಂಗಾರಪ್ಪ ಅವರು ಸ್ಪಷ್ಟನೆ ನೀಡಿದರು. ಮೂರು ಪ್ರಮುಖ ಪಕ್ಷಗಳೂ ಅಧಿಕಾರದಲ್ಲಿದ್ದಾಗ ಒಂದೇ ಬಗೆಯ ಪ್ರಸ್ತಾವವನ್ನು ಕೈಗೆತ್ತಿಕೊಂಡಿವೆ ಎಂಬುದು ಇದರಿಂದ ಸ್ಪಷ್ಟ. ಆಡಳಿತದ ಸಾಲಿನಲ್ಲಿ ಕುಳಿತವರಿಗೆ ಅದು ಗುಣಮಟ್ಟದ ಸುಧಾರಣೆಯಾಗಿಯೂ ಎದುರು ಸಾಲಿನವರಿಗೆ ಕನ್ನಡ ಶಾಲೆಗಳ ಕೊಲೆಯಾಗಿಯೂ ಕಾಣುವುದಾದರೆ, ಆ ಪ್ರತಿಕ್ರಿಯೆ ಹುಟ್ಟುವುದು ಪಕ್ಷದ ಸ್ಥಾನದಿಂದಲೇ ಹೊರತು ಊರಿನ ದಾರಿಯನ್ನು ನೋಡಿದ ಅರಿವಿನಿಂದಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ವ್ಯಾಪ್ತಿಯೊಳಗೆ ಶಾಲೆ ಒದಗಿಸುವ ಹೊಣೆಯನ್ನು ರಾಜ್ಯ ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಗಳ ಮೇಲೆ ಹೊರಿಸಿದೆ; ಸ್ಥಳೀಯ ಪ್ರಾಧಿಕಾರವೆಂದರೆ ಗ್ರಾಮಾಂತರದಲ್ಲಿ ಪಂಚಾಯತ್ ವ್ಯವಸ್ಥೆ. ಒಂದರಿಂದ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ಎಂಬುದು ನಿಯಮಗಳಲ್ಲಿರುವ ಅಳತೆ. ಆದರೆ 2010ರ ಕೇಂದ್ರ ನಿಯಮಗಳ ಆರನೆಯ ನಿಯಮ ಇನ್ನೂ ಮುಂದೆ ಹೋಗಿ, ದುರ್ಗಮ ನೆಲ, ಭೂಕುಸಿತ, ಪ್ರವಾಹ ಮತ್ತು ರಸ್ತೆಯ ಕೊರತೆಯಿಂದ ಚಿಕ್ಕ ಮಕ್ಕಳಿಗೆ ಅಪಾಯವಿರುವ ಕಡೆ ಈ ಅಂತರವನ್ನು ಇನ್ನಷ್ಟು ಕಡಿಮೆ ಮಾಡಿ ಶಾಲೆಯನ್ನು ನೆಲೆಗೊಳಿಸಬೇಕು ಎನ್ನುತ್ತದೆ. ಶಾಲೆಯೇ ಇಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿಯ ಏರ್ಪಾಡು ಮಾಡಬೇಕು ಎಂದೂ ಹೇಳುತ್ತದೆ. ಪಶ್ಚಿಮ ಘಟ್ಟದ ಬುಡದ ಊರುಗಳನ್ನು ಕಣ್ಣೆದುರು ಇಟ್ಟುಕೊಂಡೇ ಬರೆದಂತಿರುವ ಈ ನಿಯಮವನ್ನು ವಿಲೀನದ ಚರ್ಚೆಗಳಲ್ಲಿ ಎತ್ತಿ ಹೇಳುವ ಜನಪ್ರತಿನಿಧಿಗಳು ವಿರಳ.

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒಂದೆಡೆ ಗುಂಪಾಗಿದ್ದು ಹೊಲಗಳು ಸುತ್ತ ಇರುವುದರಿಂದ, ಊರ ನಡುವಿನ ಶಾಲೆಯಿಂದ ಪಕ್ಕದೂರಿನ ಶಾಲೆಗೆ ಇರುವ ದೂರವೇ ಹೆಚ್ಚುಕಡಿಮೆ ಎಲ್ಲ ಮಕ್ಕಳ ದೂರವೂ ಆಗಿರುತ್ತದೆ. ದಕ್ಷಿಣ ಕನ್ನಡದ ಗ್ರಾಮಕ್ಕೆ ಅಂತಹ ನಡುವೇ ಇಲ್ಲ. ಇಲ್ಲಿ ಕಂದಾಯ ಗ್ರಾಮವೆಂದರೆ ಗುಡ್ಡ, ತೋಡು, ಕಾಡುಗಳ ನಡುವೆ ಚದುರಿದ ಒಂಟಿ ಮನೆಗಳ ಸಮೂಹ; ಒಂದೊಂದು ಮನೆಯೂ ತನ್ನ ಅಡಿಕೆ ತೋಟದ ಬದಿಯಲ್ಲಿ ನಿಂತಿದ್ದು, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಏರು ಹತ್ತಿ ಇಳಿಯಬೇಕು, ಮಳೆಗಾಲದಲ್ಲಿ ಸಂಕ ದಾಟಬೇಕು. ಎರಡು ಶಾಲೆಗಳ ನಡುವಿನ ಅಂತರವನ್ನು ನಕ್ಷೆಯಲ್ಲಿ ಅಳೆದು ಒಂದು ಕಿಲೋಮೀಟರ್ ಎಂದು ಬರೆದುಕೊಂಡರೆ, ಮೊದಲ ಶಾಲೆಗೇ ಎರಡು ಕಿಲೋಮೀಟರ್ ನಡೆದು ಬರುವ ಮಗುವಿನ ದಾರಿ ಮೂರಾಗುತ್ತದೆ ಎಂಬ ಸರಳ ಲೆಕ್ಕ ಕಡತದಿಂದ ಬಿಟ್ಟುಹೋಗುತ್ತದೆ. ಹೊಳೆಗಳು ಈ ಭಾಗದ ಜನರನ್ನು ಎಷ್ಟು ದೂರ ಮಾಡಿದ್ದವು ಎಂಬುದಕ್ಕೆ ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಕೆಲಸವೇ ಸಾಕ್ಷಿ: 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ಆರಂಭಿಸಿದ ಅವರು ಮುಂದೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ನಿರ್ಮಿಸಿ 2017ರಲ್ಲಿ ಪದ್ಮಶ್ರೀ ಪಡೆದರು. ಅಷ್ಟಾದರೂ ಮಳೆಗಾಲದಲ್ಲಿ ಅಡಿಕೆ ಮರದ ಸಂಕವನ್ನೇ ನೆಚ್ಚಿಕೊಂಡ ಮನೆಗಳು ಇನ್ನೂ ಇವೆ.

2022ರ ಆಗಸ್ಟ್ ಮೊದಲ ದಿನಗಳಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಭಾಗಗಳು ಪ್ರವಾಹ ಮತ್ತು ಭೂಕುಸಿತಕ್ಕೆ ತುತ್ತಾದವು. ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. 2023ರ ಫೆಬ್ರುವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು, ಅದೂ ರಾತ್ರಿಯಲ್ಲಲ್ಲ, ಜನರು ಕೆಲಸಕ್ಕೆ ಹೊರಡುವ ಬೆಳಗಿನ ಹೊತ್ತಿನಲ್ಲಿ. ಕೊಂಬಾರು, ಸಿರಿಬಾಗಿಲು, ಬಿಳಿನೆಲೆ, ಮಡಪ್ಪಾಡಿ, ಆಲೆಟ್ಟಿ, ಮಂಡೆಕೋಲುಗಳಂತಹ ಕಾಡಂಚಿನ ಗ್ರಾಮಗಳ ತಂದೆತಾಯಿಯರು ಶಾಲೆಯ ದೂರವನ್ನು ಕಿಲೋಮೀಟರಿನಲ್ಲಿ ಎಣಿಸುವುದಿಲ್ಲ. ನಡುವೆ ಎಷ್ಟು ಕಾಡು, ಎಷ್ಟು ತೋಡು ಎಂದು ಎಣಿಸುತ್ತಾರೆ. ಅವರ ಲೆಕ್ಕವೇ ಸರಿಯಾದ ಲೆಕ್ಕ, ಮತ್ತು ಮೇಲೆ ಹೇಳಿದ ಆರನೆಯ ನಿಯಮ ಅವರ ಪರವಾಗಿಯೇ ಇದೆ.

ಇಷ್ಟು ಹೇಳಿದ ಮೇಲೆ, ಸಣ್ಣ ಶಾಲೆಗಳ ಕಷ್ಟವನ್ನು ಮುಚ್ಚಿಡುವುದು ಪ್ರಾಮಾಣಿಕವಾಗದು. ಏಕೋಪಾಧ್ಯಾಯ ಶಾಲೆಯಲ್ಲಿ, ಎಂದರೆ ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ, ಐದು ತರಗತಿಗಳ ಪಾಠ, ಬಿಸಿಯೂಟದ ಲೆಕ್ಕ, ಇಲಾಖೆಯ ಮಾಹಿತಿ ತುಂಬುವ ಕೆಲಸ ಎಲ್ಲವೂ ಒಬ್ಬರ ತಲೆಯ ಮೇಲೆ ಬೀಳುತ್ತವೆ. ಅವರು ತರಬೇತಿಗೆ ಹೋದ ದಿನ ಪಾಠ ನಡೆಯುವುದೇ ಕಷ್ಟ. ಹಿರಿಯ ವಿದ್ಯಾರ್ಥಿ ಸಂಘಗಳು ಮತ್ತು ಎಸ್‌ಡಿಎಂಸಿಗಳು ಊರವರಿಂದ ಹಣ ಕೂಡಿಸಿ ಗೌರವ ಶಿಕ್ಷಕಿಯರನ್ನು ನೇಮಿಸಿಕೊಂಡು ಶಾಲೆ ಉಳಿಸಿಕೊಂಡ ಉದಾಹರಣೆಗಳು ಈ ಜಿಲ್ಲೆಯಲ್ಲಿ ಬಹಳ. ಕುಂಬ್ರ, ಬೆಳ್ಳಾರೆಗಳ ಕರ್ನಾಟಕ ಪಬ್ಲಿಕ್ ಶಾಲೆಗಳಂತೆ ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವ ಶಾಲೆಗಳು ಪೋಷಕರಿಗೆ ಬೇಕಾಗಿವೆ, ಮತ್ತು ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ಪೋಷಕರೇ ಒಪ್ಪಿ, ದಾರಿ ಸುರಕ್ಷಿತವಾಗಿದ್ದು, ವಾಹನದ ಏರ್ಪಾಡು ಖಚಿತವಾಗಿದ್ದರೆ ಎರಡು ಶಾಲೆಗಳು ಸೇರುವುದನ್ನು ಈ ಕರಪತ್ರ ವಿರೋಧಿಸುವುದಿಲ್ಲ. ಆದರೆ ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಎರಡನೆಯ ಶಿಕ್ಷಕರನ್ನು ವರ್ಷಗಟ್ಟಲೆ ಕೊಡದೆ, ಅದರಿಂದ ಬೇಸತ್ತು ಮಕ್ಕಳು ಬಿಟ್ಟುಹೋದ ಮೇಲೆ ಸಂಖ್ಯೆ ಕಡಿಮೆಯಾಯಿತೆಂದು ಶಾಲೆಯನ್ನೇ ವಿಲೀನಗೊಳಿಸಿದರೆ, ಸರ್ಕಾರ ತಾನು ಮಾಡಿದ ಲೋಪದ ದಂಡವನ್ನು ಮಗುವಿನಿಂದ ವಸೂಲು ಮಾಡಿದಂತಾಗುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಅನ್ಯಾಯವಿದೆ. 2019ರ ಆರಂಭದಲ್ಲಿ ರಾಜ್ಯ ಸರ್ಕಾರ ತನ್ನ ಶಿಕ್ಷಣ ಹಕ್ಕು ನಿಯಮಗಳಿಗೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಗಳು ಶೇಕಡ 25ರ ಮೀಸಲು ಸೀಟುಗಳಿಗೆ ಬಡ ಮಕ್ಕಳನ್ನು ಸೇರಿಸಿಕೊಳ್ಳಬೇಕಾಗಿಲ್ಲ ಎಂದಿತು. ಅದೇ ವರ್ಷ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದೆ ಎಂಬ ಕಾರಣಕ್ಕೆ ಖಾಸಗಿ ಶಾಲೆಯ ಸೀಟನ್ನು ಕಳೆದುಕೊಂಡ ಕುಟುಂಬಕ್ಕೆ, ಈಗ ಅದೇ ಸರ್ಕಾರಿ ಶಾಲೆ ದೂರದ ಶಾಲೆಯಲ್ಲಿ ಲೀನವಾಗುತ್ತದೆ ಎಂದು ಹೇಳುವುದಾದರೆ, ಮೊದಲ ನಿರ್ಧಾರದ ಆಧಾರವೇ ಕುಸಿಯುತ್ತದೆ. ಈ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಎತ್ತಬೇಕಾದವರು ಗ್ರಾಮಾಂತರ ಕ್ಷೇತ್ರಗಳ ಶಾಸಕರೇ.

ಹಿಂದೆ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಶಾಲೆಗಳು ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳ ಅಧೀನದಲ್ಲಿದ್ದವು. ಪುತ್ತೂರಿನ ಮೊಳಹಳ್ಳಿ ಶಿವರಾಯರಂತಹ ಬೋರ್ಡಿನ ನಾಯಕರು ಶಾಲೆ ತೆರೆಯುವುದನ್ನು ತಮ್ಮ ಸ್ವಂತ ಹೊಣೆಯೆಂದು ಭಾವಿಸಿದ್ದರು, ಮತ್ತು ಜನರಿಗೆ ಪ್ರಶ್ನಿಸಲು ಊರಲ್ಲೇ ಒಬ್ಬರು ಇದ್ದರು. ಇಂದು ಆ ಸ್ಥಾನದಲ್ಲಿ ಇರಬೇಕಾದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲೇ ಮುಗಿದು, ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿಯ ಹೆಸರಿನಲ್ಲಿ ಚುನಾವಣೆ ಮುಂದೂಡುತ್ತಲೇ ಹೋಗಿದೆ. ಈ ವಿಳಂಬಕ್ಕಾಗಿ ಉಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತ್ತು. ಕಾಯ್ದೆಯ ಪ್ರಕಾರ ಶಾಲೆಯ ವ್ಯಾಪ್ತಿಯ ಹೊಣೆ ಹೊರಬೇಕಾದ ಮಟ್ಟದಲ್ಲಿಯೇ ಹೀಗೆ ಚುನಾಯಿತ ಸದಸ್ಯರಿಲ್ಲದಿರುವಾಗ ನಿರ್ಧಾರ ಅಧಿಕಾರಿಗಳ ಕಡತದಲ್ಲಿ ಆಗುತ್ತದೆ, ಜನರ ದೂರು ಮಾತ್ರ ಶಾಸಕರ ಮನೆ ಬಾಗಿಲಿಗೆ ಹೋಗುತ್ತದೆ.

ಕಡಬದ ಪರಿಸ್ಥಿತಿ ಇನ್ನೂ ಗೋಜಲಿನದು. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಹೊಸ ತಾಲೂಕು ಮಾಡಿದ ಮೇಲೂ ಅಲ್ಲಿನ ಶಾಲೆಗಳ ಆಡಳಿತ ಪುತ್ತೂರು, ಸುಳ್ಯಗಳ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳಿಗೇ ಹಂಚಿಹೋಗಿತ್ತು. ಮತದಾನಕ್ಕೆ ಕಡಬ ಪೇಟೆ ಸುಳ್ಯ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ. ಶಾಲೆಯ ಕಡತ ಒಂದು ಊರಿನಲ್ಲಿ, ತಹಶೀಲ್ದಾರರು ಇನ್ನೊಂದು ಊರಿನಲ್ಲಿ, ಶಾಸಕರು ಮತ್ತೊಂದು ಊರಿನಲ್ಲಿ ಇರುವಾಗ ಪೋಷಕರು ಯಾರನ್ನು ಕೇಳಬೇಕು ಎಂಬುದೇ ತಿಳಿಯದು.

ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈ ಅವರು ಆಡಳಿತ ಪಕ್ಷದವರು. ಸುಳ್ಯದ ಶಾಸಕಿ ಭಾಗೀರಥಿ ಮುರುಳ್ಯ ಮತ್ತು ಸಂಸದ ಬ್ರಿಜೇಶ್ ಚೌಟ ಅವರು ಬಿಜೆಪಿಯವರು. ಒಬ್ಬರಿಗೆ ಸರ್ಕಾರವನ್ನು ಸಮರ್ಥಿಸುವ ಒತ್ತಡ ಬರಬಹುದು, ಉಳಿದವರಿಗೆ ಟೀಕೆ ಸುಲಭವಾಗಬಹುದು. ಈ ಮೂವರ ಮುಂದೆಯೂ ಇಡಬೇಕಾದ ಪ್ರಶ್ನೆಗಳು ಒಂದೇ. ಪ್ರಸ್ತಾವದಲ್ಲಿರುವ ಶಾಲೆ ಯಾವುದು, ಅದರ ಯಾವ ಮಗುವಿನ ದಾರಿ ಎಷ್ಟು ಉದ್ದವಾಗುತ್ತದೆ, ಆ ದಾರಿಯಲ್ಲಿ ಕಾಡು ಅಥವಾ ಹೊಳೆ ಇದೆಯೇ, ಆರನೆಯ ನಿಯಮ ಅನ್ವಯವಾಗುತ್ತದೆಯೇ, ಖಾಲಿಯಾಗುವ ಕಟ್ಟಡ ಮತ್ತು ದಾನಿಗಳು ಕೊಟ್ಟ ಜಾಗ ಯಾರ ಪಾಲಾಗುತ್ತದೆ, ಅಡುಗೆ ಸಿಬ್ಬಂದಿಯ ಗತಿ ಏನು ಎಂಬುದನ್ನು ಅವರು ತಮ್ಮ ಸಹಿಯೊಡನೆ ಬರೆದುಕೊಡಬೇಕು. ವಾಹನ ಕೊಡುತ್ತೇವೆ ಎಂಬ ಭರವಸೆಯನ್ನೂ ಹಣದ ಲೆಕ್ಕದೊಡನೆಯೇ ಕೇಳಬೇಕು: ಸಮಗ್ರ ಶಿಕ್ಷಾ ಯೋಜನೆಯ ಸಾರಿಗೆ ಭತ್ಯೆ ವರ್ಷಕ್ಕೆ ಮಗುವೊಂದಕ್ಕೆ 6,000 ರೂಪಾಯಿಯ ಮಟ್ಟದ್ದು, ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600 ರೂಪಾಯಿ; ಘಟ್ಟದ ಬುಡದ ಕಚ್ಚಾ ರಸ್ತೆಯಲ್ಲಿ ಜೀಪು ಮಾತ್ರ ಓಡುವ ಊರಿಗೆ ಉಳಿದ ಹಣ ಎಲ್ಲಿಂದ ಬರುತ್ತದೆ ಎಂಬುದು ಭರವಸೆಯ ಜೊತೆಗೇ ಬರಬೇಕಾದ ಉತ್ತರ.

2001ರ ಏಪ್ರಿಲ್‌ನ ಸರ್ಕಾರಿ ಆದೇಶದಿಂದ ರೂಪುಗೊಂಡ ಎಸ್‌ಡಿಎಂಸಿಗಳು ಇದಕ್ಕಾಗಿ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಜನವಸತಿಗೆ ಯಾವುದು ನೆರೆಹೊರೆಯ ಶಾಲೆ ಎಂಬುದನ್ನು ಗುರುತಿಸಿ ಸಾರ್ವಜನಿಕರಿಗೆ ತಿಳಿಸಬೇಕಾದ್ದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ನಿಯಮವೇ ಹೇಳಿರುವುದರಿಂದ, ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಪ್ರಸ್ತಾವದಲ್ಲಿರುವ ಪ್ರತಿಯೊಂದು ದಾರಿಯನ್ನು ಶಾಸಕರು ಅಥವಾ ಅವರ ಪ್ರತಿನಿಧಿ, ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಪೋಷಕರು ಒಟ್ಟಾಗಿ ಜುಲೈ ತಿಂಗಳಲ್ಲಿ, ಶಾಲೆ ಆರಂಭವಾಗುವ ಹೊತ್ತಿಗೆ, ಅತ್ಯಂತ ದೂರದ ಮನೆಯಿಂದ ಹೊರಟು ನಡೆದು ನೋಡಬೇಕು. ಆ ನಡಿಗೆಯ ವರದಿ ಗ್ರಾಮಸಭೆಗೆ ಬಂದು ಒಪ್ಪಿಗೆಯಾಗುವವರೆಗೆ ಯಾವ ಶಾಲೆಯ ದಾಖಲಾತಿಯನ್ನೂ ಬೇರೆ ಶಾಲೆಗೆ ವರ್ಗಾಯಿಸಬಾರದು.